ಗೋವಾ ಕರಾವಳಿಯಿಂದ ಕಳಚಿಕೊಂಡ ಒಂದು ಸುಳಿಯ ಬೆನ್ನು ಹತ್ತಿ

ನಾನು ಕುಮಟಾ ಕಡೆಯವನು. ಗೋವಾದಲ್ಲಿ ಸಮುದ್ರದ ಪ್ರವಾಹಗಳ ಮೇಲೆ ಕೆಲಸ ಮಾಡುತ್ತೇನೆ. ಬಂದ ಮೊದಲ ವರ್ಷ ಪೂರ್ತಿ ನಾನು ಮಾಡಿದ್ದು ಒಂದೇ, ಸರಾಸರಿ ತೆಗೆಯುವುದು. ಉಪಗ್ರಹಗಳು ಅಳೆದ ಸಮುದ್ರಮಟ್ಟದ ಡೇಟಾ 1993ರಿಂದ ಸಿಗುತ್ತದೆ, ದಿನಕ್ಕೊಂದು ನಕ್ಷೆ, ದುಡ್ಡು ಕೊಡಬೇಕಿಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದನ್ನೆಲ್ಲ ನಾನು ತಿಂಗಳ ಲೆಕ್ಕಕ್ಕೆ ಸೇರಿಸಿ, ಮತ್ತೆ ಎಲ್ಲ ವರ್ಷಗಳ ಜನವರಿ ಒಟ್ಟಿಗೆ, ಎಲ್ಲ ಫೆಬ್ರವರಿ ಒಟ್ಟಿಗೆ ಹಾಕಿದೆ. ಚಿತ್ರ ಚೆನ್ನಾಗಿಯೇ ಬಂತು. ಮಳೆಗಾಲದಲ್ಲಿ ನಮ್ಮ ಕರಾವಳಿಯ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ, ನವೆಂಬರ್‌ನಿಂದ ಫೆಬ್ರವರಿವರೆಗೆ ತಿರುಗಿ ಉತ್ತರಕ್ಕೆ. ಆದರೆ ನನ್ನ ಪ್ರಶ್ನೆ ಬೇರೆ ಇತ್ತು. ದಡದ ಉದ್ದಕ್ಕೆ ಹರಿಯುವ ಈ ನೀರು ನಡುಗಡಲಿಗೆ ಹೋಗುವುದು ಹೇಗೆ? ಅದಕ್ಕೆ ಆ ಚಿತ್ರದಲ್ಲಿ ಉತ್ತರ ಇರಲೇ ಇಲ್ಲ.

ಪಣಜಿಯ ಆಚೆ ದಡದ ಮಾಲಿಮ್ ಜೆಟ್ಟಿಯಲ್ಲಿ ಕುಂದಾಪುರ ಕಡೆಯ ಒಬ್ಬ ತಾಂಡೇಲರ, ಅಂದರೆ ಮೀನುದೋಣಿಯ ಮುಖ್ಯಸ್ಥರ, ಪರಿಚಯವಾಗಿತ್ತು. ಒಂದು ಸಂಜೆ ಲ್ಯಾಪ್‌ಟಾಪ್ ತೆರೆದು ಅವರಿಗೆ ನನ್ನ ನಕ್ಷೆ ತೋರಿಸಿ, "ಅಣ್ಣ, ಜನವರಿಯಲ್ಲಿ ನೀರು ಬಡಗಿಗೆ ಹೋಗುತ್ತದೆ ಅಲ್ವಾ?" ಎಂದೆ. ಅವರು ನೋಡಿ, "ಹೋಗ್ತದೆ ಮಾರಾಯ್ರೆ, ಆದ್ರೆ ದಿನಾ ಹೀಗೆ ಸೀದಾ ಹೋಗುದಿಲ್ಲ. ನಿನ್ನೆ ಬಡಗಿಗೆ ಎಳೀತು, ಇವತ್ತು ಅದೇ ಜಾಗದಲ್ಲಿ ಪಡುವಿಗೆ ಎಳೀತು" ಎಂದರು. ಅವರು ಹೇಳುತ್ತಿದ್ದದ್ದು ಒಂದು ದಿನದ ನೀರು. ನನ್ನ ಹತ್ತಿರ ಇದ್ದದ್ದು ಯಾವ ದಿನದ್ದೂ ಅಲ್ಲದ ನೀರು. ಎಡಕ್ಕೆ ಬಾಗಿದ್ದು, ಬಲಕ್ಕೆ ಬಾಗಿದ್ದು ಎಲ್ಲ ಸರಾಸರಿಯಲ್ಲಿ ಒಂದಕ್ಕೊಂದು ಹೊಡೆದುಹೋಗಿತ್ತು.

ಮರುದಿನದಿಂದ ದಿನದ ನಕ್ಷೆಗಳನ್ನೇ ಇಟ್ಟುಕೊಂಡೆ. ಋತುವಿನ ಏರಿಳಿತವನ್ನು ಮಾತ್ರ ಕಳೆದು, ಉಳಿದದ್ದನ್ನು ಒಂದೊಂದೇ ದಿನ ಮುಂದಕ್ಕೆ ಸರಿಸುತ್ತ ನೋಡಿದೆ. ಒಂದು ಜನವರಿಯಲ್ಲಿ ಕಾರವಾರ ಮತ್ತು ಗೋವಾದ ಎದುರಿಗೆ ಪ್ರವಾಹ ಸ್ವಲ್ಪ ಪಶ್ಚಿಮಕ್ಕೆ ಬಾಗಿತ್ತು. ವಾರ ಕಳೆಯುವಷ್ಟರಲ್ಲಿ ಬಾಗು ಜಾಸ್ತಿಯಾಯಿತು, ಚೀಲದ ಹಾಗೆ ಉಬ್ಬಿತು, ಮೂರನೇ ವಾರಕ್ಕೆ ಬಾಯಿ ಮುಚ್ಚಿಕೊಂಡು ಒಂದು ಗುಂಡನೆ ದಿಬ್ಬವಾಗಿ ಕಳಚಿಕೊಂಡಿತು. ಸುತ್ತಲಿನ ನೀರಿಗಿಂತ ಸುಮಾರು 10 ಸೆಂಟಿಮೀಟರ್ ಎತ್ತರ, ಅಂದರೆ ಅರ್ಧ ಗೇಣು. ಇಷ್ಟೇನಾ ಅನ್ನಿಸಬಹುದು. ಆದರೆ ಆ ಅರ್ಧ ಗೇಣು 100 ಕಿಲೋಮೀಟರಿನಲ್ಲಿ ಇಳಿದರೆ, ಗೋವಾದ ಅಕ್ಷಾಂಶದಲ್ಲಿ ನೀರು ಸೆಕೆಂಡಿಗೆ ಸುಮಾರು 25 ಸೆಂಟಿಮೀಟರ್ ವೇಗದಲ್ಲಿ ಸುತ್ತುತ್ತದೆ, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ. ನಾನು ಸುಳಿ ಅನ್ನುವುದು ಇದಕ್ಕೇ.

ಸೀದಾ ಹರಿಯುವ ನೀರು ಯಾಕೆ ಹೀಗೆ ಬಾಗಬೇಕು? ಚಳಿಗಾಲದಲ್ಲಿ ದಡದ ಕಡೆ ಹಗುರ ನೀರಿನ ಪದರ ದಪ್ಪ, ಕಡಲಿನ ಕಡೆ ತೆಳು. ಪದರಗಳು ಓರೆಯಾಗಿ ನಿಂತಿರುತ್ತವೆ. ಬಾಟಲಿಯಲ್ಲಿ ಎಣ್ಣೆ ನೀರು ಹಾಕಿ ಓರೆ ಮಾಡಿದರೆ ಎರಡೂ ತಕ್ಷಣ ಸಮ ಆಗುತ್ತವೆ. ಸಮುದ್ರದಲ್ಲಿ ಭೂಮಿಯ ತಿರುಗುವಿಕೆ ಅದನ್ನು ಓರೆಯಾಗಿಯೇ ಹಿಡಿದಿಡುತ್ತದೆ, ಹಾಗಾಗಿ ಆ ಓರೆಯಲ್ಲಿ ಶಕ್ತಿ ಕೂಡಿಕೊಂಡಿರುತ್ತದೆ. ಸಣ್ಣ ಬಾಗು ಒಂದು ಬಂದರೆ ಸಾಕು, ಅದು ಆ ಶಕ್ತಿಯನ್ನೇ ತಿಂದು ಬೆಳೆಯುತ್ತದೆ. ಪ್ರವಾಹದ ನಡುವೆ ಜೋರು, ಅಂಚಿನಲ್ಲಿ ನಿಧಾನ ಇರುವುದರಿಂದಲೂ ಬಾಗು ಬೆಳೆಯಬಹುದು. ಪ್ರವಾಹದ ಅಸ್ಥಿರತೆ ಅನ್ನುವುದು ಇದಕ್ಕೆ.

ಇಲ್ಲಿ ನನಗೆ ತುಂಬ ದಿನ ತಲೆ ಕೆಡಿಸಿದ ಒಂದು ವಿಷಯ ಇದೆ. ಪಶ್ಚಿಮಕ್ಕೆ ಸರಿಯುವ ದಿಬ್ಬಗಳೆಲ್ಲ ಸುಳಿಗಳಲ್ಲ. ಕರಾವಳಿಯಿಂದ ರಾಸ್ಬಿ ಅಲೆಗಳೂ, ಅಂದರೆ ಭೂಮಿಯ ತಿರುಗುವಿಕೆಯಿಂದಾಗುವ ನಿಧಾನದ, ತುಂಬ ಅಗಲದ ಅಲೆಗಳೂ, ಪಶ್ಚಿಮಕ್ಕೆ ಹೊರಡುತ್ತವೆ, ಉಪಗ್ರಹಕ್ಕೆ ಅವೂ ದಿಬ್ಬವಾಗಿಯೇ ಕಾಣುತ್ತವೆ. ಗಾಳಿ ಬೀಸಿದಾಗ ಭತ್ತದ ಗದ್ದೆಯ ಮೇಲೆ ಅಲೆ ಓಡುವುದನ್ನು ನೋಡಿರುತ್ತೀರಿ. ಅಲೆ ಈ ಬದುವಿನಿಂದ ಆ ಬದುವಿಗೆ ಹೋಗುತ್ತದೆ, ಪೈರು ನಿಂತಲ್ಲೇ ಇರುತ್ತದೆ. ರಾಸ್ಬಿ ಅಲೆ ಬಹುಮಟ್ಟಿಗೆ ಹಾಗೆ, ಆಕಾರ ಹೋಗುತ್ತದೆ, ನೀರು ಅಷ್ಟಾಗಿ ಹೋಗುವುದಿಲ್ಲ. ಸುಳಿ ಮಾತ್ರ ನೀರನ್ನು ಹೊತ್ತುಕೊಂಡು ಹೋಗುತ್ತದೆ. ಬೇರೆ ಮಾಡಲು ನಾನು ಬಳಸಿದ್ದು ಒಂದು ಸರಳ ಲೆಕ್ಕ: ಸುತ್ತುವ ವೇಗ, ಸರಿಯುವ ವೇಗಕ್ಕಿಂತ ಜಾಸ್ತಿ ಇದೆಯಾ? ನನ್ನ ಸುಳಿ ಸೆಕೆಂಡಿಗೆ 25 ಸೆಂಟಿಮೀಟರ್ ಸುತ್ತುತ್ತಿತ್ತು, ಪಶ್ಚಿಮಕ್ಕೆ ಸರಿಯುತ್ತಿದ್ದದ್ದು ಸುಮಾರು 8 ಸೆಂಟಿಮೀಟರ್. ಒಳಗಿನ ನೀರು ತಪ್ಪಿಸಿಕೊಳ್ಳುವ ಮೊದಲೇ ಸುತ್ತು ಬಂದುಬಿಡುತ್ತದೆ. 8 ಸೆಂಟಿಮೀಟರ್ ಅಂದರೆ ದಿನಕ್ಕೆ 7 ಕಿಲೋಮೀಟರ್, ತಿಂಗಳಿಗೆ 200. ಈ ಪರೀಕ್ಷೆ ಹಾಕಿದ ಮೇಲೆ, ನಾನು ಸುಳಿ ಎಂದು ಬರೆದಿಟ್ಟುಕೊಂಡಿದ್ದ ಎಷ್ಟೋ ದಿಬ್ಬಗಳನ್ನು ಪಟ್ಟಿಯಿಂದ ತೆಗೆಯಬೇಕಾಯಿತು.

ದಡದ ಹತ್ತಿರದ ಡೇಟಾ ನಂಬಬೇಡಿ, ಉಪಗ್ರಹ ಎತ್ತರ ಅಳೆಯಲು ಕಳಿಸುವ ರೇಡಾರ್ ಅಲೆಯ ಪ್ರತಿಧ್ವನಿ ನೆಲ ಅಡ್ಡ ಬಂದು ಕೆಡುತ್ತದೆ. ನಾನು ಮೊದಲ 50 ಕಿಲೋಮೀಟರ್ ಬಿಟ್ಟೇಬಿಟ್ಟೆ. ಇಸ್ರೋ ಮತ್ತು ಫ್ರಾನ್ಸ್ ಸೇರಿ 2013ರಲ್ಲಿ ಹಾರಿಸಿದ ಸರಳ್ ಉಪಗ್ರಹ ಈ ವಿಷಯದಲ್ಲಿ ಹಳೆಯವಕ್ಕಿಂತ ಮೇಲು.

ಮುಂದೆ ಒಂದು ಚಳಿಗಾಲದಲ್ಲಿ ಹಡಗಿನಲ್ಲಿ ಹೋಗುವ ಅವಕಾಶ ಸಿಕ್ಕಿತು. ದಡದಿಂದ ಸುಮಾರು 250 ಕಿಲೋಮೀಟರ್ ಆಚೆ, ಬೆಳಗಿನ ಜಾವ ಮೂರು ಗಂಟೆ. ಅಂಥದ್ದೇ ಒಂದು ಸುಳಿಯ ನಡುವೆ ನಿಂತು, ಉಪ್ಪು, ಶಾಖ, ಆಳ ಅಳೆಯುವ ಸಿಟಿಡಿಯನ್ನು ತಂತಿಯಲ್ಲಿ ಕೆಳಗೆ ಬಿಟ್ಟೆವು. ವಿಂಚ್ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ, ಎಲ್ಲರ ಕಣ್ಣು ಪರದೆ ಮೇಲೆ. ಮೇಲಿನ 50 ಮೀಟರ್ ಉಪ್ಪಿನ ಗೆರೆ 35ರ (ಅಂದರೆ ಕಿಲೋ ನೀರಿಗೆ ಸುಮಾರು 35 ಗ್ರಾಂ ಉಪ್ಪು) ಒಳಗೇ ನೆಟ್ಟಗೆ ಇಳಿಯಿತು. ಆಮೇಲೆ ಒಮ್ಮೆಲೇ ಬಲಕ್ಕೆ ಜಿಗಿದು 36ರ ಹತ್ತಿರ ನಿಂತಿತು. ಅರಬ್ಬಿ ಸಮುದ್ರದ ಈ ಭಾಗದಲ್ಲಿ ಮಳೆಗಿಂತ ಆವಿ ಜಾಸ್ತಿ, ಇಲ್ಲಿನ ಸ್ವಂತ ನೀರು ಇಷ್ಟು ಸಪ್ಪೆ ಇರುವುದಿಲ್ಲ. ಅದು ಬಂಗಾಳಕೊಲ್ಲಿಯ ನೀರು. ಗಂಗಾ, ಬ್ರಹ್ಮಪುತ್ರಾ ಸುರಿದ ನೀರಿನ ಸಪ್ಪೆ ಹೊತ್ತು, ಶ್ರೀಲಂಕಾ ಸುತ್ತಿ, ನಮ್ಮ ಕರಾವಳಿಯ ಉದ್ದಕ್ಕೆ ಮೇಲೆ ಬಂದು, ಇಲ್ಲಿ ಕಳಚಿಕೊಂಡು ನಡುಗಡಲಿಗೆ ಹೊರಟಿತ್ತು. ಪರದೆಯ ಮೇಲಿನ ಆ ಜಿಗಿತ ನೋಡಿ ಗಂಟಲು ಕಟ್ಟಿತು, ನಿಜವಾಗಿ.

ಇಂಥ ಹಗುರ ನೀರು ಮುಚ್ಚಳದ ಹಾಗೆ ಮೇಲೆ ಕೂತರೆ ಕೆಳಗಿನ ತಂಪು ಸುಲಭಕ್ಕೆ ಮೇಲೆ ಬರುವುದಿಲ್ಲ. ಬಿಸಿಲಿನ ಶಾಖ ಮೇಲೆಯೇ ಉಳಿಯುತ್ತದೆ. ಮುಂಗಾರಿಗೆ ಮೊದಲು ಲಕ್ಷದ್ವೀಪದ ಸುತ್ತ ಸಮುದ್ರ 30 ಡಿಗ್ರಿ ದಾಟುವುದರ ಹಿಂದೆ ಚಳಿಗಾಲದಲ್ಲಿ ಬಂದ ಈ ನೀರಿನದೂ ಪಾಲಿದೆ.

ಮಳೆಗಾಲದ ಸುಳಿಗಳ ಕಥೆ ಬೇರೆ. ಆಗ ದಡದಲ್ಲಿ ಕೆಳಗಿನ ತಣ್ಣನೆಯ, ಗೊಬ್ಬರದಂಥ ಪೋಷಕಾಂಶಗಳಿರುವ ನೀರು ಮೇಲೆ ಬರುತ್ತದೆ, ಪಾಚಿ ಬೆಳೆದು ಹಸಿರಾಗುತ್ತದೆ. ಕಷ್ಟ ಏನೆಂದರೆ ಸಮುದ್ರದ ಬಣ್ಣ ನೋಡುವ ಉಪಗ್ರಹಕ್ಕೆ ಮೋಡ ಅಡ್ಡ. ಎತ್ತರ ಅಳೆಯುವ ರೇಡಾರ್‌ಗೆ ಮೋಡದ ತೊಂದರೆ ಇಲ್ಲ, ಆದರೆ ಅದಕ್ಕೆ ಹಸಿರು ಕಾಣುವುದಿಲ್ಲ. ಒಂದು ಸೆಪ್ಟೆಂಬರ್‌ನಲ್ಲಿ ಮೋಡ ಬಿಟ್ಟ ದಿನ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದೆ. ಮಂಗಳೂರಿನ ನೇರಕ್ಕೆ ದಡದಿಂದ ಹೊರಟ ಹಸಿರು ಪಟ್ಟಿಯೊಂದು ಕಡಲಿನ ಒಳಕ್ಕೆ ಹೋಗಿ, ಅಲ್ಲಿದ್ದ ಸುಳಿಗೆ ಅರ್ಧ ಸುತ್ತು ಹಾಕಿತ್ತು. ಅಂಥ ದಿನಗಳನ್ನೇ ಈಗ ಒಂದೊಂದಾಗಿ ಹೆಕ್ಕುತ್ತಿದ್ದೇನೆ.