ರ‍್ಯಾಂಕ್ ಚೆನ್ನಾಗಿದೆ, ಆಪ್ಷನ್ ಪಟ್ಟಿಯಲ್ಲಿ ಎಡವಬೇಡಿ

ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂದವರ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಥರದ ಆಪ್ಷನ್ ಪಟ್ಟಿ, ಅಂದರೆ ಬೇಕಾದ ಕಾಲೇಜು, ಬ್ರಾಂಚ್‌ಗಳನ್ನು ಆದ್ಯತೆಯ ಸಾಲಿನಲ್ಲಿ ಬರೆಯುವ ಪಟ್ಟಿ, ತಯಾರಾಗುತ್ತದೆ. ಒಂದರಲ್ಲಿ ಬೆಂಗಳೂರಿನ ನಾಲ್ಕೈದು ದೊಡ್ಡ ಹೆಸರು, ಎಲ್ಲದರ ಮುಂದೆ ಕಂಪ್ಯೂಟರ್ ಸೈನ್ಸ್, ಅಲ್ಲಿಗೆ ಪಟ್ಟಿ ಮುಗೀತು. ಇನ್ನೊಂದು ಭಯದ ಪಟ್ಟಿ. ‘ಯಾವುದಕ್ಕೂ ಇರಲಿ’ ಅಂತ ಸುಲಭವಾಗಿ ಸಿಗುವ ಕಾಲೇಜನ್ನೇ ಮೊದಲು ಬರೆದುಬಿಡುವುದು. ಮೊದಲನೆಯದರಲ್ಲಿ ಸೀಟೇ ಸಿಗದೆ ಹೋಗಬಹುದು, ಸಿಕ್ಕರೂ ಖರ್ಚು ಮನೆಗೆ ಭಾರವಾಗಬಹುದು. ಎರಡನೆಯದರಲ್ಲಿ ಆ ರ‍್ಯಾಂಕಿಗೆ ಸಿಗಬೇಕಾಗಿದ್ದ ಸೀಟು ಕೈತಪ್ಪುತ್ತದೆ.

ಎಂಜಿನಿಯರಿಂಗ್ ಸೇರುವ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನ ಬರೆದಿದ್ದೇನೆ. ಲೆಕ್ಕ ಸುಲಭವಾಗಲಿ ಅಂತ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳೋಣ. ಹಾವೇರಿ ಜಿಲ್ಲೆಯ ಒಂದು ಹಳ್ಳಿಯವಳು, ಹತ್ತನೇ ತರಗತಿವರೆಗೆ ಊರಲ್ಲೇ ಕನ್ನಡ ಮಾಧ್ಯಮ, ಪ್ರವರ್ಗ 2ಎ. ಮನೆಯ ವರ್ಷದ ಆದಾಯ 3 ಲಕ್ಷ ರೂಪಾಯಿ. ಸಿಇಟಿ ರ‍್ಯಾಂಕ್ 6,000.

ಹಂತ 1: ಮೊದಲು ಮನೆಯ ಲೆಕ್ಕ, ಆಮೇಲೆ ಕಾಲೇಜಿನ ಹೆಸರು

ಅಪ್ಪ ಅಮ್ಮನ ಜೊತೆ ಕೂತು ಒಂದೇ ಪ್ರಶ್ನೆ ಕೇಳಿ: ಸಾಲ ಮಾಡದೆ ವರ್ಷಕ್ಕೆ ಎಷ್ಟು ಕೊಡಬಹುದು? ಸಾಲ ಮಾಡಿದರೆ ಎಷ್ಟರವರೆಗೆ? ಬಹಳಷ್ಟು ಮನೆಗಳಲ್ಲಿ ಈ ಮಾತು ಸೀಟು ಸಿಕ್ಕ ಮೇಲೆ ಬರುತ್ತದೆ. ಆಗ ಫೀಸು ಕಟ್ಟಲು ಎರಡು ಮೂರು ದಿನ ಇರುತ್ತದೆ, ಬಂಗಾರ ಅಡವಿಡುವ ಮಾತು ಶುರುವಾಗುತ್ತದೆ.

ಫೀಸು ಮಾತ್ರ ನೋಡಿದರೆ ಸಾಲದು. ಬೆಂಗಳೂರಿನ ಪಿಜಿಯಲ್ಲಿ ಊಟ ಸೇರಿ ತಿಂಗಳಿಗೆ ಎಂಟು-ಹತ್ತು ಸಾವಿರ ಅಂತ ಹಿಡಿದರೂ ವರ್ಷಕ್ಕೆ ಲಕ್ಷದ ಹತ್ತಿರ ಹೋಗುತ್ತದೆ. ನಾಲ್ಕು ವರ್ಷಕ್ಕೆ ನಾಲ್ಕು ಲಕ್ಷ, ಅದೂ ಪುಸ್ತಕ, ಲ್ಯಾಪ್‌ಟಾಪ್, ಓಡಾಟ ಬಿಟ್ಟು. ಬೆಂಗಳೂರಿನಲ್ಲಿ ಫೀಸು ಕಡಿಮೆ ಇರುವ ಸೀಟಿಗಿಂತ ಹಾಸನದಲ್ಲೋ ಬಾಗಲಕೋಟೆಯಲ್ಲೋ ಫೀಸು ಸ್ವಲ್ಪ ಜಾಸ್ತಿ ಇರುವ ಸೀಟೇ ಒಟ್ಟು ಖರ್ಚಿನಲ್ಲಿ ಅಗ್ಗವಾಗಬಹುದು. ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್ ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಸಿಕ್ಕರೆ ಇಡೀ ಲೆಕ್ಕವೇ ಬದಲಾಗುತ್ತದೆ. ಆದರೆ ಅದು ಸಿಕ್ಕೇ ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ, ಸಿಕ್ಕರೆ ಲಾಭ ಅಂದುಕೊಳ್ಳಿ.

ಹೆಣ್ಣುಮಕ್ಕಳಿದ್ದರೆ ಇನ್ನೊಂದು ವಿಷಯ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್‌ಗಳಲ್ಲಿ ಟಿಕೆಟ್ ಇಲ್ಲ. ಮನೆಯಿಂದ ಒಂದು ಗಂಟೆ ದಾರಿಯ ಕಾಲೇಜನ್ನು ‘ದೂರ’ ಅಂತ ಬಿಡುವ ಮೊದಲು ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹಂತ 2: ಒಂದೇ ಕಾಲೇಜು, ಬೇರೆ ಬೇರೆ ಬಾಗಿಲು

ಕಾಲೇಜಿನ ಫೀಸು ಎಷ್ಟು ಅಂತ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಯಾವ ಬಾಗಿಲಿನಿಂದ ಒಳಗೆ ಹೋಗುತ್ತೀರಿ ಅನ್ನುವುದರ ಮೇಲೆ ಫೀಸು ನಿಂತಿದೆ. ಒಂದೇ ಬೆಂಚಿನಲ್ಲಿ ಕೂತ ಮೂವರಲ್ಲಿ ಒಬ್ಬ ಸಿಇಟಿ ಸೀಟಿಗೆ ಕಟ್ಟಿರುತ್ತಾನೆ, ಇನ್ನೊಬ್ಬ ಕಾಮೆಡ್‌–ಕೆ (ಖಾಸಗಿ ಕಾಲೇಜುಗಳ ಒಕ್ಕೂಟದ ಪರೀಕ್ಷೆ) ಸೀಟಿಗೆ ಅದರ ಎರಡು ಮೂರು ಪಟ್ಟು ಕಟ್ಟಿರುತ್ತಾನೆ, ಮೂರನೆಯವನು ಮ್ಯಾನೇಜ್‌ಮೆಂಟ್ ಸೀಟಿಗೆ ಎಷ್ಟು ಕಟ್ಟಿದ ಅಂತ ಯಾರಿಗೂ ಹೇಳುವುದಿಲ್ಲ. ಪಾಠ ಒಂದೇ, ಪದವಿಯೂ ಒಂದೇ.

ಸಿಇಟಿ ಒಳಗೂ ಮೆಟ್ಟಿಲುಗಳಿವೆ. ಸರ್ಕಾರಿ ಕಾಲೇಜು ಮತ್ತು ಅನುದಾನಿತ ಸೀಟುಗಳಿಗೆ ಫೀಸು ಕಡಿಮೆ. ಅನುದಾನರಹಿತ ಖಾಸಗಿ ಕಾಲೇಜಿನ ಸೀಟು ಅದಕ್ಕಿಂತ ಮೇಲೆ. ಖಾಸಗಿ ವಿಶ್ವವಿದ್ಯಾಲಯಗಳ ಸಿಇಟಿ ಸೀಟಿನ ಫೀಸು ಸಾಮಾನ್ಯವಾಗಿ ಇನ್ನೂ ಮೇಲೆ. ಬುದ್ಧಿವಂತ ಮಕ್ಕಳು ಹೆಚ್ಚಾಗಿ ಮರೆಯುವುದು ಅನುದಾನಿತ ಸೀಟುಗಳನ್ನು. ಬೆಂಗಳೂರಿನ ಬಿಎಂಎಸ್, ಮೈಸೂರಿನ ಎನ್‌ಐಇ, ಹಾಸನದ ಮಲ್ನಾಡ್ ಕಾಲೇಜು, ಮಂಡ್ಯದ ಪಿಇಎಸ್, ಬಾಗಲಕೋಟೆಯ ಬಸವೇಶ್ವರ, ಕಲಬುರಗಿಯ ಪಿಡಿಎ ಇವೆಲ್ಲ ಹಳೆಯ ಅನುದಾನಿತ ಕಾಲೇಜುಗಳು. ಆದರೆ ಅಲ್ಲಿನ ಎಲ್ಲ ಸೀಟೂ ಅನುದಾನಿತ ಅಲ್ಲ. ಸಿವಿಲ್, ಮೆಕ್ಯಾನಿಕಲ್‌ನಂಥ ಹಳೆಯ ಬ್ರಾಂಚ್‌ಗಳಲ್ಲಿ ಅನುದಾನಿತ ಸೀಟು ಇರಬಹುದು, ಹೊಸದಾಗಿ ಬಂದ ಎಐ ಬ್ರಾಂಚ್‌ನಲ್ಲಿ ಇರುವುದಿಲ್ಲ. ಸಿಇಟಿ ನಡೆಸಿ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಹಾಕುವ ಸೀಟು ಪಟ್ಟಿ ಮತ್ತು ಫೀಸಿನ ಪಟ್ಟಿ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿ. ಕಾಲೇಜಿನವರು ‘ಇತರೆ ಶುಲ್ಕ’ ಅಂತ ಬೇರೆ ಕೇಳುವುದುಂಟು. ಅದೆಷ್ಟು ಅಂತ ಮೊದಲೇ ಈಗ ಓದುತ್ತಿರುವ ಮಕ್ಕಳ ಹತ್ತಿರ ಕೇಳಿ, ಕೌಂಟರಿನಲ್ಲಿ ಅಲ್ಲ.

ಬೆಂಗಳೂರಿನ ಯುವಿಸಿಇ ಬಗ್ಗೆ ಒಂದು ಮಾತು. 1917ರಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲಿ ಶುರುವಾದ ಈ ಸರ್ಕಾರಿ ಕಾಲೇಜು ಈಗ ಸ್ವಾಯತ್ತ ವಿಶ್ವವಿದ್ಯಾಲಯ. ಕಟ್ಟಡ ನೋಡಿ ಮೂಗು ಮುರಿಯುವವರಿದ್ದಾರೆ. ಫೀಸು ಮತ್ತು ಜೊತೆಗೆ ಓದುವ ಮಕ್ಕಳ ಮಟ್ಟ, ಎರಡನ್ನೂ ತೂಗಿದರೆ ನಮ್ಮ ಹಾವೇರಿ ಹುಡುಗಿಯ ಪಟ್ಟಿಯ ಮೇಲ್ಭಾಗದಲ್ಲಿ ನಾನು ಇದನ್ನು ಇಡುತ್ತೇನೆ.

ಇನ್ನು ಜೆಇಇ, ಅಂದರೆ ಎನ್‌ಐಟಿ, ಐಐಐಟಿ, ಐಐಟಿಗಳಿಗೆ ಸೇರಲು ಬರೆಯುವ ರಾಷ್ಟ್ರ ಮಟ್ಟದ ಪರೀಕ್ಷೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಅರ್ಧದಷ್ಟು ಸೀಟು ಕರ್ನಾಟಕದವರಿಗೆ ಮೀಸಲು. ಧಾರವಾಡ, ರಾಯಚೂರಿನ ಐಐಐಟಿಗಳಲ್ಲಿ ಈ ರಾಜ್ಯ ಕೋಟಾ ಇಲ್ಲ. ಎನ್‌ಐಟಿಯ ಬೋಧನಾ ಶುಲ್ಕ ವರ್ಷಕ್ಕೆ 1.25 ಲಕ್ಷ ಅಂತ ಕೇಳಿ ಹೆದರುವವರು ಮುಂದಿನ ಸಾಲು ಓದುವುದಿಲ್ಲ. ಮನೆಯ ಆದಾಯ 1 ಲಕ್ಷಕ್ಕಿಂತ ಕಡಿಮೆ ಇದ್ದರೆ ಬೋಧನಾ ಶುಲ್ಕ ಪೂರ್ತಿ ಮನ್ನಾ. 1ರಿಂದ 5 ಲಕ್ಷದೊಳಗಿದ್ದರೆ ಮೂರರಲ್ಲಿ ಎರಡು ಭಾಗ ಮನ್ನಾ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಪೂರ್ತಿ ಮನ್ನಾ. ಅಂದರೆ 3 ಲಕ್ಷ ಆದಾಯದ ನಮ್ಮ ಹುಡುಗಿಗೆ ಅಲ್ಲಿ ಸೀಟು ಸಿಕ್ಕರೆ ಬೋಧನಾ ಶುಲ್ಕ ವರ್ಷಕ್ಕೆ ಸುಮಾರು 42 ಸಾವಿರ ಮಾತ್ರ. ಹಾಸ್ಟೆಲ್, ಊಟ ಬೇರೆ. ಐಐಟಿಗಳಲ್ಲೂ ಇದೇ ಥರದ ರಿಯಾಯಿತಿ ಇದೆ. ದೊಡ್ಡ ಹೆಸರಿನ ಸಂಸ್ಥೆಯೇ ಅಗ್ಗವಾಗಬಹುದು, ಇದನ್ನು ಹಳ್ಳಿ ಕಡೆ ಹೇಳುವವರೇ ಇಲ್ಲ.

ಹಂತ 3: ನಿಮ್ಮ ಹಕ್ಕಿನ ಕಾಗದ ಕೈಯಲ್ಲಿರಲಿ

ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಸೀಟು ಸಿಇಟಿಯಲ್ಲಿ ಮೀಸಲಿವೆ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಯವರಿಗೆ ಸಂವಿಧಾನದ 371(ಜೆ) ವಿಧಿಯಡಿ ಆ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8. ಇದಲ್ಲದೆ ನಿಗದಿತ ಸಂಖ್ಯೆಗಿಂತ ಹೆಚ್ಚುವರಿಯಾಗಿ ಕೊಡುವ, ಬೋಧನಾ ಶುಲ್ಕ ಇಲ್ಲದ ‘ಎಸ್‌ಎನ್‌ಕ್ಯೂ’ ಸೀಟುಗಳೂ ಇವೆ. ಮನೆಯ ಆದಾಯ 8 ಲಕ್ಷ ದಾಟಿರಬಾರದು ಅಷ್ಟೆ. ರ‍್ಯಾಂಕ್ ಒಳ್ಳೆಯದಿದ್ದವರಿಗೆ ಇದು ದೊಡ್ಡ ಉಳಿತಾಯ.

ಜಾತಿ-ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮೊದಲೇ ಮಾಡಿಸಿಟ್ಟುಕೊಳ್ಳಿ, ಆರ್‌ಡಿ ಸಂಖ್ಯೆ (ಪ್ರಮಾಣಪತ್ರದ ಮೇಲೆಯೇ ಇರುತ್ತದೆ) ಬರೆದಿಟ್ಟುಕೊಳ್ಳಿ. ಜೆಇಇ ಕಡೆ ಹೋಗುವವರು ಒಂದು ಗಮನಿಸಬೇಕು. ರಾಜ್ಯದ 2ಎ, 3ಬಿ ಅಲ್ಲಿ ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿ ಬೇರೆ, ಪ್ರಮಾಣಪತ್ರದ ನಮೂನೆಯೂ ಬೇರೆ, ಆ ವರ್ಷದ ಏಪ್ರಿಲ್ 1ರ ನಂತರದ್ದೇ ಆಗಿರಬೇಕು. ಕೌನ್ಸೆಲಿಂಗ್ ನಡೆಯುವಾಗ ತಹಶೀಲ್ದಾರ್ ಕಚೇರಿಗೆ ಓಡುವ ಪಾಡು ಬೇಡ.

ಕಾಮೆಡ್‌–ಕೆಯಲ್ಲಿ ಗ್ರಾಮೀಣ, ಕನ್ನಡ ಮಾಧ್ಯಮದ ಮೀಸಲಾತಿ ಇಲ್ಲ. ಅಲ್ಲಿ ರ‍್ಯಾಂಕಿಗೆ ಪಿಯು ಅಂಕವೂ ಲೆಕ್ಕಕ್ಕಿಲ್ಲ, ಅವರ ಪರೀಕ್ಷೆಯದ್ದೇ ರ‍್ಯಾಂಕ್. ಮನೆಯ ಲೆಕ್ಕದಲ್ಲಿ ಆ ಫೀಸು ಕೂರದಿದ್ದರೆ ಅದನ್ನು ಬಿಟ್ಟುಬಿಡಿ.

ಹಂತ 4: ಕಟಾಫ್ ನೋಡಿ ಮೂರು ಗುಂಪು ಮಾಡಿ

ಕೆಇಎ ತಾಣದಲ್ಲಿ ಹಿಂದಿನ ವರ್ಷಗಳ ಕಟಾಫ್, ಅಂದರೆ ಕೊನೆಯ ಸೀಟು ಯಾವ ರ‍್ಯಾಂಕಿಗೆ ಸಿಕ್ಕಿತು ಅನ್ನುವುದು, ಸಿಗುತ್ತದೆ. ನಿಮಗೆ ಅನ್ವಯಿಸುವ ಕಾಲಂಗಳನ್ನು ಮಾತ್ರ ನೋಡಿ. ನಮ್ಮ ಹುಡುಗಿ 2ಎ ಸಾಮಾನ್ಯ, 2ಎ ಗ್ರಾಮೀಣ, 2ಎ ಕನ್ನಡ, ಜೊತೆಗೆ ಎಲ್ಲರಿಗೂ ತೆರೆದಿರುವ ಜಿಎಂ (ಜನರಲ್ ಮೆರಿಟ್) ಹೀಗೆ ಹಲವು ಕಾಲಂ ನೋಡಬೇಕು. ಯಾವುದರಲ್ಲಿ ಸಿಕ್ಕರೂ ಸೀಟು ಸೀಟೇ.

6,000 ರ‍್ಯಾಂಕಿಗೆ ನನ್ನ ಅಂದಾಜಿನ ಲೆಕ್ಕ ಹೀಗಿದೆ. ಕಳೆದ ವರ್ಷ 4,000ದ ಒಳಗೆ ಮುಗಿದಿದ್ದರೆ ಅದು ಕನಸಿನ ಗುಂಪು. 5,000ದಿಂದ 8,000ದ ನಡುವೆ ಮುಗಿದಿದ್ದರೆ ಕೈಗೆಟಕುವ ಗುಂಪು. 12,000 ದಾಟಿದ್ದರೆ ಖಾತ್ರಿಯ ಗುಂಪು. ನಡುವೆ ಉಳಿದವನ್ನು ಕಷ್ಟದ ಕಡೆಗೇ ಸೇರಿಸಿ. ಒಂದು ವರ್ಷದ ಅಂಕಿ ನಂಬಬೇಡಿ, ಮೂರು ವರ್ಷ ನೋಡಿ. ಅದರಲ್ಲೂ ಕಂಪ್ಯೂಟರ್ ಸೈನ್ಸ್ ಕಟಾಫ್ ಈಗ ಜಾಸ್ತಿ ಅಲುಗಾಡುತ್ತದೆ. 2024–25ರಿಂದ ತಾಂತ್ರಿಕ ಶಿಕ್ಷಣದ ಕೇಂದ್ರ ಸಂಸ್ಥೆಯಾದ ಎಐಸಿಟಿಇ ಸೀಟುಗಳ ಮಿತಿ ತೆಗೆದ ಮೇಲೆ ಕೆಲವು ಕಾಲೇಜುಗಳು ಆ ಬ್ರಾಂಚಿನ ಸೀಟು ಹೆಚ್ಚಿಸಿಕೊಂಡಿವೆ. ಸೀಟು ಹೆಚ್ಚಿದಾಗ ಕಟಾಫ್ ಹಿಂದಕ್ಕೆ ಹೋಗುತ್ತದೆ, ಅಂದರೆ ಇನ್ನೂ ದೊಡ್ಡ ಸಂಖ್ಯೆಯ ರ‍್ಯಾಂಕಿಗೂ ಸೀಟು ಸಿಗುತ್ತದೆ. ಪಾಠ ಮಾಡುವವರು ಅಷ್ಟೇ ಬೇಗ ಹೆಚ್ಚಿದ್ದಾರಾ ಅನ್ನುವುದು ಬೇರೆ ಪ್ರಶ್ನೆ.

ಖಾತ್ರಿಯ ಗುಂಪು ಅಂದರೆ ‘ಹೇಗೂ ಸಿಗುತ್ತದೆ’ ಅಂತ ಕಣ್ಣುಮುಚ್ಚಿ ತುಂಬುವ ಜಾಗ ಅಲ್ಲ. ಸಿಕ್ಕರೆ ಸಂತೋಷವಾಗಿ ಸೇರುತ್ತೇನೆ, ಫೀಸೂ ಕಟ್ಟಬಹುದು ಅನ್ನಿಸುವ ಎರಡು ಮೂರು ಕಾಲೇಜಾದರೂ ಅಲ್ಲಿರಬೇಕು. ನಮ್ಮ ಹುಡುಗಿಗೆ ಹಾವೇರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೇ ಅಂಥದ್ದು. ಮನೆ ಊಟ, ಕಡಿಮೆ ಫೀಸು.

ಹಂತ 5: ಸಾಲು ಹಚ್ಚುವುದು

ಜಾಸ್ತಿ ಜನ ಎಡವುವುದು ಇಲ್ಲೇ. ಕೆಇಎ ತಂತ್ರಾಂಶ ರ‍್ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ತೆಗೆದುಕೊಳ್ಳುತ್ತದೆ. ನಿಮ್ಮ ಸರದಿ ಬಂದಾಗ ಮೊದಲನೇ ಆಪ್ಷನ್ ನೋಡುತ್ತದೆ. ಸೀಟು ಇಲ್ಲದಿದ್ದರೆ ಎರಡನೆಯದು, ಆಮೇಲೆ ಮೂರನೆಯದು. ಎಲ್ಲಿ ಸಿಕ್ಕಿತೋ ಅಲ್ಲಿಗೆ ನಿಲ್ಲುತ್ತದೆ, ಕೆಳಗಿನದನ್ನು ನೋಡುವುದೇ ಇಲ್ಲ.

ಹಾಗಾಗಿ ಮೇಲೆ ಇಪ್ಪತ್ತು ಕಷ್ಟದ ಕಾಲೇಜು ಬರೆದರೂ ನಿಮಗೆ ಏನೂ ನಷ್ಟವಿಲ್ಲ. ಅವು ಸಿಗದಿದ್ದರೆ ಇಪ್ಪತ್ತೊಂದನೆಯದಕ್ಕೆ ನಿಮ್ಮ ರ‍್ಯಾಂಕ್ ಅಷ್ಟೇ ಗಟ್ಟಿಯಾಗಿ ನಿಂತಿರುತ್ತದೆ. ಆದರೆ ಖಾತ್ರಿಯ ಕಾಲೇಜನ್ನು ಮೂರನೇ ಸಾಲಿಗೆ ಹಾಕಿದಿರೋ, ಅದರ ಕೆಳಗೆ ಬರೆದದ್ದೆಲ್ಲ ಸುಮ್ನೆ. ‘ಮೊದಲು ಬರೆದರೆ ಬೇಗ ಸಿಗುತ್ತದೆ’ ಅನ್ನುವುದು ಬರೀ ಗಾಳಿಮಾತು.

ಸಾಲು ಹಚ್ಚಲು ಒಂದು ಉಪಾಯ ಇದೆ. ಎರಡೆರಡು ಆಪ್ಷನ್ ಪಕ್ಕದಲ್ಲಿಟ್ಟು ಕೇಳಿಕೊಳ್ಳಿ: ಎರಡೂ ಕೈಗೆ ಬಂದರೆ ಯಾವುದಕ್ಕೆ ಹೋಗುತ್ತೇನೆ? ಅದು ಮೇಲೆ. ಕಟಾಫ್ ಆಗ ನೋಡಬಾರದು. ಸಿಕ್ಕರೂ ಸೇರಲಾರೆ ಅನ್ನುವ ಕಾಲೇಜನ್ನು ಬರೆಯಲೇಬೇಡಿ, ಫೀಸಿನ ಕಾರಣಕ್ಕಾದರೂ ಸರಿ, ಊರಿನ ಕಾರಣಕ್ಕಾದರೂ ಸರಿ. ನಮ್ಮ ಹುಡುಗಿಯ ಪಟ್ಟಿ ಯುವಿಸಿಇ ಕಂಪ್ಯೂಟರ್ ಸೈನ್ಸ್‌ನಿಂದ ಶುರುವಾಗಬಹುದು. ಆಮೇಲೆ ಬಿಎಂಎಸ್‌ನ ಅನುದಾನಿತ ಸೀಟು, ಯುವಿಸಿಇ ಎಲೆಕ್ಟ್ರಾನಿಕ್ಸ್, ಮೈಸೂರಿನ ಎನ್‌ಐಇ, ಹಾಸನ, ಬಾಗಲಕೋಟೆ, ಕೊನೆಗೆ ಹಾವೇರಿ. ಪ್ರತಿ ಕಾಲೇಜಿಗೂ ಎರಡು ಮೂರು ಬ್ರಾಂಚ್ ಸೇರಿದರೆ ಪಟ್ಟಿ ತಾನಾಗಿ ಉದ್ದವಾಗುತ್ತದೆ.

ಕಾಲೇಜು ಮುಖ್ಯವೋ ಬ್ರಾಂಚ್ ಮುಖ್ಯವೋ ಅಂತ ಮನೆಮನೆಯಲ್ಲೂ ಜಗಳ. ಹೆಸರೇ ಕೇಳದ ಕಾಲೇಜಿನ ಕಂಪ್ಯೂಟರ್ ಸೈನ್ಸ್‌ಗಿಂತ ಹಳೆಯ ಒಳ್ಳೆಯ ಕಾಲೇಜಿನ ಎಲೆಕ್ಟ್ರಾನಿಕ್ಸ್ ಅಥವಾ ಎಲೆಕ್ಟ್ರಿಕಲ್ ಮೇಲು ಅಂತ ನನ್ನ ಅಭಿಪ್ರಾಯ. ಮಗಳಿಗೆ ಸರ್ಕ್ಯೂಟ್ ಕಂಡರೇ ಆಗುವುದಿಲ್ಲ ಅಂದರೆ ಮಾತು ಬೇರೆ. ಸೇರಿದ ಮೇಲೆ ಬ್ರಾಂಚ್ ಬದಲಾಯಿಸಿಕೊಳ್ಳೋಣ ಅನ್ನುವ ಲೆಕ್ಕ ಮಾತ್ರ ಬೇಡ.

ಹಂತ 6: ಅಣಕು ಹಂಚಿಕೆ, ಆಮೇಲೆ ಚಾಯ್ಸ್

ನಿಜವಾದ ಸುತ್ತಿಗೆ ಮೊದಲು ಕೆಇಎ ಅಣಕು ಸೀಟು ಹಂಚಿಕೆ ಮಾಡುತ್ತದೆ. ಅದರಲ್ಲಿ ಸಿಕ್ಕಿದ್ದು ಸೀಟಲ್ಲ, ಬರೀ ಸೂಚನೆ. ನೋಡಿ ಗಾಬರಿಯಾಗಿ ಪಟ್ಟಿಯನ್ನು ತಲೆಕೆಳಗು ಮಾಡಬೇಡಿ. ಖಾತ್ರಿ ಅಂದುಕೊಂಡದ್ದೂ ಸಿಗದಿದ್ದರೆ ಕೆಳಗೆ ಇನ್ನಷ್ಟು ಸೇರಿಸಿ, ಮೇಲಿನದನ್ನು ಮುಟ್ಟಬೇಡಿ.

ಸೀಟು ಸಿಕ್ಕ ಮೇಲೆ ಚಾಯ್ಸ್ ಆರಿಸಬೇಕು. ಇತ್ತೀಚಿನ ವರ್ಷಗಳ ಕ್ರಮ ಹೀಗಿತ್ತು: ಒಂದು, ಸೀಟು ಒಪ್ಪಿಗೆ, ಫೀಸು ಕಟ್ಟಿ ಸೇರುವುದು. ಎರಡು, ಒಪ್ಪಿಗೆ, ಆದರೆ ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕರೆ ಅದು ಬೇಕು. ಮೂರು, ಈ ಸೀಟು ಬೇಡ, ಮುಂದಿನ ಸುತ್ತಿಗೆ ಕಾಯುವುದು. ನಾಲ್ಕು, ಪೂರ್ತಿ ಹೊರಗೆ. ಒಳ್ಳೆಯ ರ‍್ಯಾಂಕಿನವರಿಗೆ ಹೆಚ್ಚಾಗಿ ಎರಡನೆಯದೇ ಸರಿ. ಆದರೆ ಮೇಲಿನ ಸೀಟು ಸಿಕ್ಕ ಕೂಡಲೇ ಹಳೆಯದು ತಾನಾಗಿ ಹೋಗುತ್ತದೆ. ಹಾಗಾಗಿ ಕೈಯಲ್ಲಿರುವುದಕ್ಕಿಂತ ನಿಜಕ್ಕೂ ಬೇಕು ಅನ್ನಿಸುವುದು ಮಾತ್ರ ಮೇಲೆ ಉಳಿದಿದೆಯೇ ಅಂತ ಇನ್ನೊಮ್ಮೆ ನೋಡಿ. ನಿಯಮ ವರ್ಷ ವರ್ಷ ಸ್ವಲ್ಪ ಬದಲಾಗುತ್ತದೆ, ಈ ವರ್ಷದ ಸೂಚನೆಯನ್ನೇ ಓದಿ. ಎನ್‌ಐಟಿ ಸುತ್ತುಗಳೂ ಇದೇ ಹೊತ್ತಿಗೆ ನಡೆಯುತ್ತವೆ. ಎರಡೂ ಕಡೆ ಇರುವವರು ಸೀಟು ರದ್ದು ಮಾಡಿ ಹಣ ವಾಪಸ್ ಪಡೆಯುವ ಕೊನೆ ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಸೇರಿದ ಮೇಲೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ತಂತ್ರಾಂಶದಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ. ಹೆಣ್ಣುಮಕ್ಕಳಿಗೆ ಎಐಸಿಟಿಇಯ ‘ಪ್ರಗತಿ’ ವಿದ್ಯಾರ್ಥಿವೇತನ ವರ್ಷಕ್ಕೆ 50 ಸಾವಿರ. ಆದಾಯದ ಮಿತಿ 8 ಲಕ್ಷ, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ. ಅರ್ಜಿ ಹಾಕಿದವರಿಗೆಲ್ಲ ಸಿಗುವುದಿಲ್ಲ, ಆದ್ದರಿಂದ ಹಂತ 1ರ ಲೆಕ್ಕದಲ್ಲಿ ಇದನ್ನು ಸೇರಿಸಿರಬಾರದು.

ಇಷ್ಟೆಲ್ಲ ಮಾಡಿ ಲಾಗಿನ್ ಪಾಸ್‌ವರ್ಡನ್ನು ಸೈಬರ್ ಸೆಂಟರಿನವರಿಗೆ ಬರೆದುಕೊಟ್ಟು ಬರುವವರಿದ್ದಾರೆ. 2024ರಲ್ಲಿ ಸೇರುವ ಉದ್ದೇಶವಿಲ್ಲದೆ ಸೀಟು ಹಿಡಿದಿಟ್ಟುಕೊಳ್ಳುವ ಸೀಟ್ ಬ್ಲಾಕಿಂಗ್ ದಂಧೆ ಬಗ್ಗೆ ಕೆಇಎಯೇ ಪೊಲೀಸರಿಗೆ ದೂರು ಕೊಡಬೇಕಾಯಿತು. ಪಟ್ಟಿಯನ್ನು ಮನೆಯಲ್ಲಿ ಕಾಗದದ ಮೇಲೆ ಪೂರ್ತಿ ಮಾಡಿಕೊಂಡು ಹೋಗಿ, ನೀವೇ ಕೂತು ಟೈಪ್ ಮಾಡಿ, ಒಟಿಪಿ ಯಾರಿಗೂ ಹೇಳಬೇಡಿ. ಸೇವ್ ಆದ ಪಟ್ಟಿಯ ಪ್ರಿಂಟ್ ತೆಗೆದು, ಕಾಗದದ ಪಟ್ಟಿಯ ಜೊತೆ ಸಾಲು ಸಾಲಾಗಿ ತಾಳೆ ನೋಡಿ, ಆಮೇಲೆ ಲಾಗ್‌ಔಟ್ ಮಾಡಿ ಎದ್ದು ಬನ್ನಿ.