ಕವಣೆ ಬೀಸಿದ ಕೈ, ಸಾಫ್ಟ್‌ಬಾಲ್ ಮತ್ತು ನಾನು

ನನ್ನ ಆಟ ಕಬಡ್ಡಿ. ಬೇಸ್‌ಬಾಲ್‌ನಂಥದ್ದೇ ಆಟವಾದ ಸಾಫ್ಟ್‌ಬಾಲನ್ನು ಎಂ.ಪಿ.ಎಡ್ (ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ) ಓದುವಾಗ ಸ್ವಲ್ಪ ದಿನ ಆಡಿದ್ದೆ, ಅಷ್ಟೆ. 2003ರಲ್ಲಿ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಕಾಲೇಜಿಗೆ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕ) ಆಗಿ ಸೇರಿದೆ. ಆಗ ನಮ್ಮದು ಕುವೆಂಪು ವಿಶ್ವವಿದ್ಯಾನಿಲಯ. ಯೂನಿವರ್ಸಿಟಿ ಕೆಲಸ ಅಂದರೆ ಶಂಕರಘಟ್ಟದ ಬಸ್ಸು ಹತ್ತಬೇಕು. ಹುಡುಗಿಯರ ಕಬಡ್ಡಿ, ಖೋಖೋ, ವಾಲಿಬಾಲ್‌ನಲ್ಲಿ ಬೇರೆ ಕಾಲೇಜುಗಳು ಆಗಲೇ ಗಟ್ಟಿಯಾಗಿದ್ದವು. ಸಾಫ್ಟ್‌ಬಾಲ್‌ಗೆ ಎಂಟ್ರಿ ಕಳಿಸುವವರೇ ಕಡಿಮೆ. ಪೈಪೋಟಿ ಇಲ್ಲ, ಬೇಗ ಕಪ್ ಬರುತ್ತೆ ಅಂತ ಲೆಕ್ಕ ಹಾಕಿಯೇ ನಾನು ಇದನ್ನು ಹಿಡಿದದ್ದು. ಮೊದಲ ಪಂದ್ಯದಲ್ಲೇ ಲೆಕ್ಕ ತಪ್ಪಿತು. 7 ಇನ್ನಿಂಗ್ಸ್ ಆಡಬೇಕಾದ ಆಟ 5ಕ್ಕೇ ಮುಗಿಯಿತು. 5 ಇನ್ನಿಂಗ್ಸ್ ಮುಗಿದಾಗ ಎದುರಾಳಿ 7 ರನ್ ಅಥವಾ ಅದಕ್ಕಿಂತ ಹೆಚ್ಚು ಮುಂದಿದ್ದರೆ ಅಂಪೈರ್ ಅಲ್ಲಿಗೇ ಸಾಕು ಅಂತಾರಲ್ಲ, ಆ ನಿಯಮ ನನಗೆ ಗೊತ್ತಾದದ್ದೇ ಅವತ್ತು.

ನಮ್ಮ ಕಡೆ ಸಾಫ್ಟ್‌ಬಾಲ್ ಕಲಿತು ಕಾಲೇಜಿಗೆ ಬರುವ ಹುಡುಗಿ ಸಿಗುವುದಿಲ್ಲ. ಬೇರೆ ಆಟದವರನ್ನೇ ಎತ್ತಿಕೊಂಡು ಬರಬೇಕು. ನೋಟಿಸ್ ಬೋರ್ಡಿಗೆ ‘ಆಸಕ್ತರು ಬನ್ನಿ’ ಅಂತ ಹಾಕುವುದನ್ನು ಎರಡನೇ ವರ್ಷಕ್ಕೇ ಬಿಟ್ಟೆ. ಬೆಳಗ್ಗೆ ಮೈದಾನದ ಮೂಲೆಯಲ್ಲಿ ನಿಂತು ಸುಮ್ನೆ ನೋಡುತ್ತಿದ್ದೆ. ಖೋಖೋ ಹುಡುಗಿಗೆ ಕಂಬಕ್ಕೆ ಡೈವ್ ಹೊಡೆದು ಅಭ್ಯಾಸ ಇರುತ್ತೆ, ಬೇಸ್‌ಗೆ (ಓಡಿ ಮುಟ್ಟಬೇಕಾದ ಗುರುತಿಗೆ) ಜಾರುವುದು ಅವಳಿಗೆ ಹೇಳಿಕೊಡಬೇಕಾಗಿಯೇ ಇಲ್ಲ. ಕಬಡ್ಡಿಯವಳು ಕ್ಯಾಚರ್, ಅಂದರೆ ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವಳು: ತೊಡೆ ಗಟ್ಟಿ, ಭಯ ಕಡಿಮೆ, ಕುಕ್ಕರಗಾಲಲ್ಲಿ ಎಷ್ಟು ಹೊತ್ತು ಬೇಕಾದರೂ ಕೂರುತ್ತಾಳೆ. ಜಾವೆಲಿನ್ ಎಸೆಯುವವಳನ್ನು ದೂರದ ಫೀಲ್ಡಿಗೆ ಹಾಕಿದರೆ ಒಂದೇ ಎಸೆತಕ್ಕೆ ಚೆಂಡು ವಾಪಸ್. ತಲೆನೋವು ಥ್ರೋಬಾಲ್ ಹುಡುಗಿಯರದ್ದು. ಎರಡು ಕೈ ಸೇರಿಸಿ ಹಿಡಿದು ಅಭ್ಯಾಸ, ಗ್ಲೌಸ್ ಹಾಕಿದ ಒಂದೇ ಕೈ ಚಾಚು ಅಂದರೆ ನಂಬಿಕೆ ಬರುವುದಿಲ್ಲ.

ಗ್ಲೌಸ್ ಅಂದೆ. ಮೊದಲ ವರ್ಷ ನಮ್ಮಲ್ಲಿದ್ದದ್ದು 5. ಫೀಲ್ಡಿಗೆ ಇಳಿಯುವವರು 9 ಜನ. ಎದುರಾಳಿಗಳು ಬ್ಯಾಟಿಂಗ್‌ಗೆ ಹೋಗುವಾಗ ತಮ್ಮ ಗ್ಲೌಸ್ ಮೈದಾನದಲ್ಲೇ ಬಿಟ್ಟು ಹೋಗುತ್ತಿದ್ದರು. ನಾವು ಅದನ್ನೇ ಹಾಕಿಕೊಂಡು ಆಡಿದೆವು.

ಮೈದಾನ ಹಾಕುವುದಕ್ಕೆ ನಾನೊಂದು ನೈಲಾನ್ ಹಗ್ಗ ಮಾಡಿಕೊಂಡಿದ್ದೆ. 43 ಅಡಿಗೆ ಒಂದು ಗಂಟು, 60ಕ್ಕೆ ಒಂದು, 84 ಅಡಿ 10 ಇಂಚಿಗೆ ಇನ್ನೊಂದು. ಬ್ಯಾಟಿಂಗ್ ಮಾಡುವ ಜಾಗವಾದ ಹೋಮ್ ಪ್ಲೇಟ್‌ನಲ್ಲಿ ಗೂಟ ಹೊಡೆದು ಹಗ್ಗ ಎಳೆದರೆ ಮೊದಲನೇ ಗಂಟಿಗೆ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವಳು) ನಿಲ್ಲುವ ಜಾಗ, ಕೊನೆಯದಕ್ಕೆ ಸೆಕೆಂಡ್ ಬೇಸ್. ಫಸ್ಟ್ ಮತ್ತು ಥರ್ಡ್ ಬೇಸ್ ನಡುವಿನ ಗಂಟಿಗೆ ಬರುತ್ತವೆ. ಸೆಕೆಂಡ್ ಬೇಸ್‌ನಿಂದ ಇವೆರಡಕ್ಕೂ ಮತ್ತೆ 60 ಅಡಿ ಹಿಡಿದು ನೋಡಬೇಕು, ಇಲ್ಲದಿದ್ದರೆ ಚೌಕ ಸೊಟ್ಟ. ಆಮೇಲೆ ಸುಣ್ಣದ ಪುಡಿ. ಅದಕ್ಕೂ ಮುಂಚೆ ಸಗಣಿ ಎತ್ತಬೇಕು, ಊರ ದನಗಳಿಗೆಲ್ಲ ನಮ್ಮ ಮೈದಾನವೇ ಗೋಮಾಳ.

ಈ ಆಟದಲ್ಲಿ ಪಿಚರ್ ಇಲ್ಲದಿದ್ದರೆ ಏನೂ ಇಲ್ಲ. ಮೂರು ವರ್ಷ ಹುಡುಕಿದೆ. ಸಿಕ್ಕವಳು ಯಾವ ಆಟವನ್ನೂ ಆಡದ ಬಿ.ಎ. ಹುಡುಗಿ. ಒಂದು ದಿನ ಬೌಂಡರಿ ಆಚೆ ಬಿದ್ದ ಚೆಂಡನ್ನು ಕೈ ಒಂದು ಸುತ್ತು ಬೀಸಿ ಕೆಳಗಿನಿಂದಲೇ ಎಸೆದಳು. ಚೆಂಡು ನೆಟ್ಟಗೆ ನನ್ನ ಎದೆಗೇ ಬಂತು.

“ಎಲ್ಲಿ ಕಲಿತೆ ಪುಟ್ಟಿ ಇದನ್ನ?”

“ಕಲಿಯೋದೇನೈತೆ ಸಾರ್, ಜೋಳದ ಹೊಲದಾಗೆ ಗಿಣಿ ಓಡಿಸೋಕೆ ಕವಣೆ ಬೀಸ್ತೀವಲ್ಲ.”

ತಂಡದಲ್ಲಿ ಅವಳಿಗೆ ಕವಣೆ ಅಂತಲೇ ಹೆಸರಾಯಿತು. ಪಿಚಿಂಗ್ ಕೂಡ ಹಾಗೇ ನೋಡಿ. ತೋಳು ಪೂರ್ತಿ ಒಂದು ಸುತ್ತು ಬಂದು ಸೊಂಟದ ಪಕ್ಕಕ್ಕೆ ಇಳಿದಾಗ ಚೆಂಡು ಬಿಡಬೇಕು. ಮೊದಲೇ ಬಿಟ್ಟರೆ ನೆಲಕ್ಕೆ, ತಡವಾದರೆ ಕ್ಯಾಚರ್ ತಲೆ ಮೇಲೆ. ಕವಣೆ ಬೀಸುವವಳಿಗೆ ಬಿಡುವ ಗಳಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಚೆಂಡು ಬಿಡುವಾಗ ಮಣಿಕಟ್ಟಿನಿಂದ ಕೊಡುವ ಏಟು. ಅದಕ್ಕೆ ಹಳೇ ಕಾಲುಚೀಲ ಉಂಡೆ ಕಟ್ಟಿ, ತೋಳು ಬೀಸದೆ ಬರೀ ಮಣಿಕಟ್ಟಿನಿಂದ ಗೋಡೆಗೆ ಹೊಡೆಸಿದೆ. ಆಮೇಲೆ ನಿಜವಾದ ಚೆಂಡು. ಲ್ಯಾಬಿನ ಹಿಂದಿನ ಗೋಡೆ ಮೇಲೆ ಮೊಣಕಾಲೆತ್ತರಕ್ಕೆ ಸುಣ್ಣದ ವೃತ್ತ ಬರೆದು 15 ಅಡಿಯಿಂದ ಶುರು ಮಾಡಿ 43ಕ್ಕೆ ಬರುವ ಹೊತ್ತಿಗೆ ಎರಡು ತಿಂಗಳಾಯಿತು. ಗೋಡೆಯ ಗಾರೆ ಉದುರಿತು. ಪ್ರಿನ್ಸಿಪಾಲರು ನನ್ನನ್ನು ಕರೆಸಿದರು, ಆ ವಿಷಯ ಬಿಡಿ.

ಆಮೇಲೆ ನಾನು ಮಾಡಿದ್ದನ್ನು ಹೇಳಲೇಬೇಕು. ಆ ವರ್ಷದ ಅಂತರ ಕಾಲೇಜು ಪಂದ್ಯಾವಳಿಯಲ್ಲಿ ಎರಡು ದಿನಕ್ಕೆ ನಾಲ್ಕು ಪಂದ್ಯ. ನಾಲ್ಕರಲ್ಲೂ ಅವಳ ಕೈಯಲ್ಲೇ ಹಾಕಿಸಿದೆ. ಕೆಳಗಿನಿಂದ ಎಸೆಯುವುದರಿಂದ ಭುಜಕ್ಕೆ ಏನೂ ಆಗಲ್ಲ ಅಂತ ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ. ಫೈನಲ್ ಸೋತೆವು. ಸಂಜೆ ಬಸ್ಸಿನಲ್ಲಿ ನೋಡುತ್ತೇನೆ, ಪಕ್ಕದ ಹುಡುಗಿ ಅವಳಿಗೆ ಜಡೆ ಹಾಕುತ್ತಿದ್ದಾಳೆ. ಕೈ ಎತ್ತೋಕೇ ಬರುತ್ತಿರಲಿಲ್ಲ. ಮೂರನೇ ಪಂದ್ಯದಿಂದಲೇ ನೋವಿತ್ತಂತೆ. ಯೂನಿವರ್ಸಿಟಿ ತಂಡಕ್ಕೆ ಹೆಸರು ಬಂದಿತ್ತು, ಹೋಗಲಾಗಲಿಲ್ಲ.

ಅವಳ ಮನೆಗೆ ಹೋದೆ. ಅವರಪ್ಪ ಬೈಯಲಿಲ್ಲ. ಚಾ ಕೊಡಿಸಿ, “ಎತ್ತಿಗಾದ್ರೂ ಮಧ್ಯಾಹ್ನ ನೊಗ ಇಳಿಸ್ತೀವಲ್ಲ ಸಾರ್” ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಅಲ್ಲಿಂದ ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಂಡೆ. ಯಾರು ಎಷ್ಟು ಚೆಂಡು ಹಾಕಿದರು ಅಂತ ಗೀಟು ಎಳೆಯುವುದು, ಪ್ರಾಕ್ಟೀಸ್‌ನಲ್ಲೂ. ದಿನಕ್ಕೆ ಒಂದೇ ಪಂದ್ಯ. ಮೂರು ಜನ ಪಿಚರ್ ತಯಾರಾಗದೆ ಎಂಟ್ರಿ ಕಳಿಸುವುದಿಲ್ಲ. ಹೀಗೆ ಎರಡು ವರ್ಷ ಸೋತೆವು. ಸ್ಟಾಫ್ ರೂಮಿನಲ್ಲಿ ಮಾತು ಕೇಳಿದೆ. ಮೊದಲ ಕಪ್ ಬರುವ ಹೊತ್ತಿಗೆ ದಾವಣಗೆರೆ ವಿಶ್ವವಿದ್ಯಾನಿಲಯವೇ ಶುರುವಾಗಿತ್ತು. ಆ ಫೈನಲ್‌ನಲ್ಲಿ ನಾಲ್ಕು ಇನ್ನಿಂಗ್ಸ್ ಒಬ್ಬಳು, ಮೂರು ಇನ್ನೊಬ್ಬಳು. ಮೊದಲನೆಯವಳ ವೇಗಕ್ಕೆ ಹೊಂದಿಕೊಂಡಿದ್ದ ಬ್ಯಾಟುಗಳು ಎರಡನೆಯವಳ ನಿಧಾನದ ಚೆಂಡಿಗೆ ಮುಂಚೆಯೇ ಬೀಸಿ ಬೀಸಿ ಸುಸ್ತಾದವು.

ಮೊಬೈಲಿನಲ್ಲಿ ವಿಡಿಯೋ ಸಲೀಸಾಗಿ ಸಿಗುವಂತಾದ ಮೇಲೆ ಅಮೆರಿಕದ ಕಾಲೇಜು ಸಾಫ್ಟ್‌ಬಾಲ್ ನೋಡತೊಡಗಿದೆ. ಒಕ್ಲಹೋಮಾ ವಿಶ್ವವಿದ್ಯಾಲಯದ ಕೋಚ್ ಪ್ಯಾಟಿ ಗ್ಯಾಸೊ 2021ರಿಂದ 2024ರವರೆಗೆ ಸತತ ನಾಲ್ಕು ಸಲ ರಾಷ್ಟ್ರೀಯ ಚಾಂಪಿಯನ್. 2023ರಲ್ಲಿ 61 ಗೆಲುವು, ಒಂದೇ ಸೋಲು. ಅವರ ದುಡ್ಡು, ಸ್ಟೇಡಿಯಂ ನಮಗೆ ಹೋಲಿಕೆಯೇ ಅಲ್ಲ ಬಿಡಿ. ನಾನು ನೋಡಿದ್ದು ಬೇರೆ: ಗೆಲ್ಲುತ್ತಿರುವಾಗಲೂ ಆಕೆ ಪಿಚರ್ ಬದಲಾಯಿಸುತ್ತಾರೆ. ನಾನು ಒಂದು ಹುಡುಗಿಯ ಭುಜ ಹಾಳು ಮಾಡಿ ಕಲಿತದ್ದು ಅಲ್ಲಿ ದಿನನಿತ್ಯದ ರೂಢಿ. ಆಕೆ 1995ರ ಸೀಸನ್‌ಗೆ ಆ ವಿಶ್ವವಿದ್ಯಾಲಯ ಇರುವ ನಾರ್ಮನ್ ಊರಿಗೆ ಬಂದಾಗ ತಂಡಕ್ಕೆ ಸ್ವಂತ ಮೈದಾನವೇ ಇರಲಿಲ್ಲವಂತೆ, ಊರ ಪಾರ್ಕಿನಲ್ಲಿ ಆಡುತ್ತಿದ್ದರು. ಮೊದಲ ಚಾಂಪಿಯನ್‌ಶಿಪ್ 2000ದಲ್ಲಿ. ಅದನ್ನು ಓದಿದ ಮೇಲೆ ಎರಡು ಮೂರು ದಿನ ಸಗಣಿ ಎತ್ತುವಾಗ ಗೊಣಗಲಿಲ್ಲ.

ಕವಣೆ ಈಗ ಹೈಸ್ಕೂಲ್ ಒಂದರಲ್ಲಿ ಪಿ.ಇ. ಟೀಚರ್. ಮಳೆಗಾಲದಲ್ಲಿ ಭುಜ ಹಿಡಿದುಕೊಳ್ಳುತ್ತೆ ಅಂತ ಹೇಳುತ್ತಿರುತ್ತಾಳೆ. ಹೋದ ವರ್ಷ ಅವಳೇ ಕಳಿಸಿದ ಒಬ್ಬ ಎಡಗೈ ಹುಡುಗಿ ನಮ್ಮಲ್ಲಿ ಸೇರಿದ್ದಾಳೆ. ಚೆಂಡು ಒಳ್ಳೆ ವೇಗ, ಆದರೆ ಹತ್ತರಲ್ಲಿ ಆರು ನೆಲಕ್ಕೆ. ಬೇಗ ಬಿಡುತ್ತಾಳೆ. ಬಲಗೈಗೆ ಹಾಕುವ ಗ್ಲೌಸ್ ನಮ್ಮಲ್ಲಿ ಒಂದೂ ಇಲ್ಲ, ಆರ್ಡರ್ ಹಾಕಿ ತಿಂಗಳಾಯಿತು. ಅಲ್ಲಿವರೆಗೆ ಬೆಳಗ್ಗೆ ಆರಕ್ಕೆ ಗೋಡೆ, ಕಾಲುಚೀಲದ ಉಂಡೆ.