ಬೇರೆಯವರ ತುಟಿ, ನನ್ನ ಮಾತು

ನನ್ನ ಪಾತ್ರ ದುಬೈಗೆ ಹೋಯಿತು. ಇನ್ನೂ ವಾಪಸ್ ಬಂದಿಲ್ಲ.

ಸೀರಿಯಲ್ ನೋಡುವವರಿಗೆ ಇದು ಹೊಸದಲ್ಲ. ಟಿಆರ್‌ಪಿ ಬಿದ್ದರೆ ಮೊದಲು ಫಾರಿನ್‌ಗೆ ಹೋಗುವುದು ನಾದಿನಿಯೋ ಮೈದುನನೋ. ನಾನು ನಾದಿನಿ. ಮೂರು ವರ್ಷ ಕೆಟ್ಟವಳಾಗಿದ್ದೆ, ಆಮೇಲೆ ಒಂದು ದಿನ ಕಣ್ಣೀರು ಹಾಕಿ ಒಳ್ಳೆಯವಳಾದೆ. ಆವತ್ತೇ ನನಗೆ ಅನುಮಾನ ಬರಬೇಕಿತ್ತು. ಒಳ್ಳೆಯ ನಾದಿನಿಗೆ ಮನೆಯಲ್ಲಿ ಏನು ಕೆಲಸ ಇರುತ್ತೆ, ಅಲ್ವಾ? 2019ರ ಕೊನೆಗೆ ಸೂಟ್‌ಕೇಸ್ ಹಿಡಿದು ಗೇಟ್ ದಾಟುವ ಶಾಟ್ ಕೊಟ್ಟೆ. "ಟ್ರ್ಯಾಕ್ ಮತ್ತೆ ಓಪನ್ ಆಗತ್ತೆ ಮೇಡಂ, ನಾವೇ ಫೋನ್ ಮಾಡ್ತೀವಿ" ಎಂದರು ಮ್ಯಾನೇಜರ್. ಸೂಟ್‌ಕೇಸ್ ನನ್ನದೇ. ಭಾರ ಕಾಣಲಿ ಅಂತ ಒಳಗೆ ಎರಡು ಇಟ್ಟಿಗೆ ಇಟ್ಟಿದ್ದರು. ಮನೆಗೆ ಬಂದು ತೆಗೆದರೆ ಇಟ್ಟಿಗೆ ಹಾಗೇ ಇದ್ದವು.

ಫೋನ್ ಬರಲಿಲ್ಲ. ಆಗ ಜೊತೆಗೆ ಒಬ್ಬರಿದ್ದರು. ಎಪಿಸೋಡ್ ಬರುವಷ್ಟು ದಿನ ಇದ್ದರು, ಅಷ್ಟೇ. ಅದನ್ನು ಇಲ್ಲಿ ಎಳೆಯುವುದಿಲ್ಲ.

ರಾಜರಾಜೇಶ್ವರಿ ನಗರದ ಮನೆ ಬಿಟ್ಟು ಹನುಮಂತನಗರದಲ್ಲಿ ಮೂರನೇ ಮಹಡಿಯ ಒಂದು ರೂಮಿಗೆ ಬಂದೆ. ಬಾಡಿಗೆ 7,500. ಬ್ಯಾಂಕಿನಲ್ಲಿ ದುಡ್ಡಿರಲಿಲ್ಲ, ಬೀರುವಿನಲ್ಲಿ ಸೀರೆ ಇತ್ತು. ನಮ್ಮ ಸೀರಿಯಲ್‌ಗಳಲ್ಲಿ ಬಟ್ಟೆ ಬಹುಪಾಲು ಕಲಾವಿದರದ್ದೇ. ಒಮ್ಮೆ ಉಟ್ಟಿದ್ದನ್ನು ತಿಂಗಳೊಳಗೆ ಮತ್ತೆ ಉಟ್ಟರೆ ವೀಕ್ಷಕರಿಗಿಂತ ಮೊದಲು ಅಸಿಸ್ಟೆಂಟ್ ಡೈರೆಕ್ಟರ್ ಕಂಡುಹಿಡಿಯುತ್ತಾನೆ. ಹೀಗೆ ಸೇರಿದ್ದು 140 ಸೀರೆ. ಮಾರೋಣ ಅಂತ ಹೋದೆ, ಅಂಗಡಿಯವರು ಹೇಳಿದ ಬೆಲೆಗೆ ಫಾಲ್ಸ್ ಹೊಲಿಸಿದ ದುಡ್ಡೂ ಗಿಟ್ಟುತ್ತಿರಲಿಲ್ಲ. ಆಗ ಹೊಳೆಯಿತು, ಹೊಸದಾಗಿ ಬಂದ ಹುಡುಗಿಯರಿಗೂ ಇದೇ ಗೋಳು. ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಹಾಕಿದೆ. ದಿನಕ್ಕೆ 150 ರೂಪಾಯಿ, ಇಸ್ತ್ರಿ ನನ್ನದು, ಮೇಕಪ್ ಕಲೆಯಾದರೆ ಡ್ರೈವಾಶ್ ನಿಮ್ಮದು. ಮೊದಲ ತಿಂಗಳ ಬಾಡಿಗೆ ಅದರಿಂದಲೇ ಕಟ್ಟಿದೆ. ಟಿವಿಯಲ್ಲಿ ಯಾರೋ ನನ್ನ ಸೀರೆ ಉಟ್ಟು ಅತ್ತೆಯ ಹಾಲಿಗೆ ಏನೋ ಬೆರೆಸುವುದನ್ನು ನೋಡುತ್ತಾ ಅನ್ನ ಸಾರು ತಿನ್ನುವುದು ವಿಚಿತ್ರ ಸುಖ.

ಆಮೇಲೆ ಲಾಕ್‌ಡೌನ್. ಶೂಟಿಂಗೇ ಇಲ್ಲದ ಮೇಲೆ ಸೀರೆ ಯಾರಿಗೆ ಬೇಕು? ಆ ಹೊತ್ತಿಗೇ ಹಿಂದಿಯ ಮಹಾಭಾರತ ಕನ್ನಡಕ್ಕೆ ಡಬ್ ಆಗಿ ಟಿವಿಗೆ ಬಂತು. ಅದರ ಹಿಂದೆ ಇನ್ನಷ್ಟು ಬಂದವು.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. 2014ರ ಜನವರಿಯಲ್ಲಿ ಡಬ್ಬಿಂಗ್ ಬೇಡ ಎಂದು ಚಿತ್ರರಂಗ ಬಂದ್ ಮಾಡಿದಾಗ ನಾನೂ ಬಿಸಿಲಲ್ಲಿ ನಿಂತು ಕೂಗಿದ್ದೆ. ನಮ್ಮ ಅನ್ನ ಹೋಗುತ್ತದೆ ಎಂಬ ಭಯ ಸುಳ್ಳಲ್ಲ. ಮರುವರ್ಷ, ಮಾರುಕಟ್ಟೆಯ ಪೈಪೋಟಿ ಕಾಯುವ ಕೇಂದ್ರದ ಸ್ಪರ್ಧಾ ಆಯೋಗ, ಡಬ್ಬಿಂಗ್ ತಡೆಯುವುದು ತಪ್ಪು ಎಂದಿತು. ಐದು ವರ್ಷಕ್ಕೆ ಅದೇ ಡಬ್ಬಿಂಗ್ ನನಗೆ ಅನ್ನ ಹಾಕಿತು. ನಾಚಿಕೆಯಾಯಿತೇ ಎಂದರೆ, ಹೌದು, ಒಂದು ವಾರ.

ಮೊದಲು ರೂಮಿನಲ್ಲೇ ಅಭ್ಯಾಸ. ರಜಾಯಿಯ ಒಂದು ಅಂಚನ್ನು ಬೀರುವಿನ ಮೇಲೆ ಹಾಕಿ, ಜಾರದಂತೆ ಆ ಎರಡು ಇಟ್ಟಿಗೆ ಇಟ್ಟೆ. ಇನ್ನೊಂದು ಅಂಚು ಕುರ್ಚಿಗೆ. ಒಳಗೆ ಕೂತು, ಫೋನಿನಲ್ಲಿ ಹಿಂದಿ ಸೀರಿಯಲ್ ಹಾಕಿ, ದನಿ ಮ್ಯೂಟ್ ಮಾಡಿ, ಅವಳ ತುಟಿ ಅಲುಗಿದಷ್ಟೂ ಹೊತ್ತು ನಾನು ಮಾತಾಡಬೇಕು. ಬೆವರು ಇಳಿಯುತ್ತಿತ್ತು. ಕೆಳಗಿನ ಮನೆಯ ಅಜ್ಜಿ ಎರಡು ದಿನ ಕೇಳಿಸಿಕೊಂಡು, "ಯಾರ ಜೊತೆನಮ್ಮ ಜಗಳ?" ಎಂದರು.

ಮೊದಲು ಕಲಿಯಬೇಕಾದದ್ದು ಪ, ಬ, ಮ. ಇವು ಬಂದಾಗ ತುಟಿ ಮುಚ್ಚಲೇಬೇಕು. ಪರದೆಯ ಮೇಲಿನವಳು ತುಟಿ ಮುಚ್ಚಿದ ಕಡೆ ನಮ್ಮ ಮಾತಿನಲ್ಲೂ ಇವುಗಳಲ್ಲಿ ಒಂದಿರಬೇಕು, ಇಲ್ಲದಿದ್ದರೆ ನೋಡುವವರಿಗೆ ಏನೋ ಸರಿ ಇಲ್ಲ ಅನ್ನಿಸುತ್ತದೆ. ತುಟಿಗೂ ಮಾತಿಗೂ ಇರುವ ಈ ಹೊಂದಿಕೆಗೇ ಸಿಂಕ್ ಅನ್ನುವುದು. ತೆಲುಗಿನಿಂದ ಬಂದರೆ ಅಷ್ಟು ಕಷ್ಟವಿಲ್ಲ, ನಮ್ಮ ಹಾಗೆ ಅವರ ಮಾತೂ ಸ್ವರದಲ್ಲೇ ಮುಗಿಯುತ್ತದೆ. ಹಿಂದಿಯವಳು 'ತುಮ್' ಎಂದು ಬಾಯಿ ಮುಚ್ಚಿ ನಿಲ್ಲಿಸುತ್ತಾಳೆ. ನಮ್ಮ ಬಾಯಿ ಇನ್ನೂ ತೆರೆದೇ ಇರುತ್ತದೆ. ಆಗ 'ಹೋಗೋಣ' ಎನ್ನುವುದನ್ನು 'ಹೋಗೋಣಮ್ಮ' ಮಾಡಿ ಕೊನೆಯ ಸ್ವರ ನುಂಗುತ್ತೇವೆ. ಡಬ್ ಆದ ಸೀರಿಯಲ್‌ಗಳಲ್ಲಿ ಎಲ್ಲರೂ ಎಲ್ಲರಿಗೂ ಅಮ್ಮ ಅನ್ನುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಗುಮಾನಿ.

ಸೀರಿಯಲ್‌ನಿಂದ ಬಂದ ಒಂದು ಕೆಟ್ಟ ಚಾಳಿ ಇಲ್ಲಿ ಉಪಯೋಗಕ್ಕೆ ಬಂತು. ಅಲ್ಲಿ ನಾವು ಡೈಲಾಗ್ ಬಾಯಿಪಾಠ ಮಾಡುತ್ತಿರಲಿಲ್ಲ. ಕ್ಯಾಮೆರಾ ಪಕ್ಕದಿಂದ ಪ್ರಾಂಪ್ಟ್ ಮಾಡುತ್ತಿದ್ದರು, ಒಂದು ಕಿವಿಯಲ್ಲಿ ಕೇಳಿ ಬಾಯಲ್ಲಿ ಬಿಡುತ್ತಿದ್ದೆವು. ಡಬ್ಬಿಂಗ್‌ನಲ್ಲೂ ಹೆಡ್‌ಫೋನ್‌ನಲ್ಲಿ ಮೂಲ ಮಾತು ಕೇಳುತ್ತಲೇ ನಮ್ಮ ಮಾತು ಹೇಳಬೇಕು. ಆದರೆ ನಾನು ಮುಖದಲ್ಲಿ ಆಕ್ಟ್ ಮಾಡುತ್ತಿದ್ದೆ. ಹುಬ್ಬು ಏರಿಸುತ್ತಿದ್ದೆ, ತುಟಿ ಕಚ್ಚುತ್ತಿದ್ದೆ. ಗಾಜಿನ ಆಚೆಯಿಂದ ರೆಕಾರ್ಡಿಸ್ಟ್ ಟಾಕ್‌ಬ್ಯಾಕ್ ಒತ್ತಿ ಹೇಳಿದರು: "ಮೇಡಂ, ಎಕ್ಸ್‌ಪ್ರೆಶನ್ ಸೂಪರ್. ಮೈಕಿಗೆ ಕಾಣಲ್ಲ."

ಅವರ ಬಗ್ಗೆ ಹೇಳಬೇಕು. ಊರು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ. ಮಾತು ಕಡಿಮೆ, 'ಒನ್ ಮೋರ್' ಜಾಸ್ತಿ. ಮೈಕಿಗೆ ಎಲ್ಲವೂ ಕೇಳಿಸುತ್ತದೆ. ರೇಷ್ಮೆ ಸೀರೆಯ ಸರಸರ, ಬಳೆ, ಕಾಲುಂಗುರ ನೆಲಕ್ಕೆ ತಾಗಿದ್ದು, ಎಲ್ಲ. ಹಾಗಾಗಿ ಬಳೆ ಬಿಚ್ಚಿಡಲು ಬಾಗಿಲ ಹತ್ತಿರ ಒಂದು ಸ್ಟೀಲ್ ಡಬ್ಬಿ ಇಟ್ಟಿದ್ದರು. ಆಗ ನನ್ನದು ಒಂದೇ ಹೊತ್ತು ಊಟ. ಯಾರಿಗೂ ಹೇಳಿರಲಿಲ್ಲ, ಅಮ್ಮನಿಗೂ. ಒಂದು ಬೆಳಿಗ್ಗೆ ಸಾವಿನ ಸೀನ್, ಪಿಸುಮಾತು. ಹೊಟ್ಟೆ ಗುರ್ ಅಂದಿತು. ಟೇಕ್ ಹೋಯಿತು. ಮತ್ತೆ ಮಾಡಿದೆವು, ಮತ್ತೆ ಗುರ್. ಅವರು ಏನೂ ಅನ್ನಲಿಲ್ಲ. ಮರುದಿನ ಸ್ಕ್ರಿಪ್ಟ್ ಸ್ಟ್ಯಾಂಡ್ ಪಕ್ಕ ಎರಡು ಬಾಳೆಹಣ್ಣು ಇದ್ದವು. ಅದರ ಮರುದಿನವೂ. ನಾನು ಏನಾದರೂ ಕೇಳುವ ಮೊದಲೇ, "ಸ್ಟುಡಿಯೋ ಟೈಮ್ ವೇಸ್ಟ್ ಆಗತ್ತಲ್ಲ ಮೇಡಂ, ಅದಕ್ಕೆ" ಎಂದರು.

ದುಡ್ಡಿನ ಮಾತೂ ಆಡಿಬಿಡುತ್ತೇನೆ, ಏಕೆಂದರೆ ನನಗೆ ಯಾರೂ ಹೇಳಿರಲಿಲ್ಲ. ಕಲಾವಿದರ ಪೇಮೆಂಟ್‌ನಲ್ಲಿ ಶೇ 10 ಟಿಡಿಎಸ್, ಅಂದರೆ ಆದಾಯ ತೆರಿಗೆ, ಮೊದಲೇ ಹಿಡಿದು ಕೊಡುತ್ತಾರೆ. ಆದಾಯ ಕಡಿಮೆ ಇದ್ದರೆ ರಿಟರ್ನ್ ಹಾಕಿದಾಗ ಅದು ವಾಪಸ್ ಬರುತ್ತದೆ. ನಾನು ಹಾಕಿಯೇ ಇರಲಿಲ್ಲ. ಹಳೆಯದೆಲ್ಲ ಗಡುವು ಮೀರಿ ಕೈತಪ್ಪಿತು, ಒಂದು ವರ್ಷದ್ದು ಮಾತ್ರ ಸಿಕ್ಕಿತು. ಆ ದುಡ್ಡಿನಲ್ಲಿ ಗ್ಯಾಸ್ ಒಲೆ ತೆಗೆದುಕೊಂಡೆ.

ಥಿಯೇಟರ್‌ಗಳು ತೆರೆದ ಮೇಲೆ ಒಂದು ನಾಟಕದ ತಂಡ ಸೇರಿದೆ. ಎರಡು ತಿಂಗಳ ರಿಹರ್ಸಲ್‌ಗೆ ಸಿಕ್ಕಿದ್ದು ಆಟೋ ಚಾರ್ಜು. ಆದರೆ ಒಂದೂಕಾಲು ಗಂಟೆ ಪ್ರಾಂಪ್ಟ್ ಇಲ್ಲದೆ ನಿಲ್ಲಬೇಕಿತ್ತು, ನನಗೆ ಅದೇ ಬೇಕಿತ್ತು. ಶೋ ರಂಗಶಂಕರದಲ್ಲಿ. ಅಲ್ಲಿ ಏಳೂವರೆ ಅಂದರೆ ಏಳೂವರೆ, ಆಮೇಲೆ ಯಾರೇ ಬಂದರೂ ಬಾಗಿಲು ತೆರೆಯುವುದಿಲ್ಲ. ನಮ್ಮ ರೆಕಾರ್ಡಿಸ್ಟ್ ಬನಶಂಕರಿ ಟ್ರಾಫಿಕ್ಕಿನಲ್ಲಿ ಸಿಕ್ಕಿ 7.34ಕ್ಕೆ ಬಂದರಂತೆ. ಶೋ ಮುಗಿಸಿ ಮೇಕಪ್ ಒರೆಸಿಕೊಂಡು ಬಂದರೆ ಹೊರಗೆ ಅಕ್ಕಿ ರೊಟ್ಟಿ ಮುಂದಿಟ್ಟುಕೊಂಡು ಕೂತಿದ್ದರು. ಬಹುಶಃ ಎರಡನೆಯದು.

"ಏನಾದ್ರೂ ಕೇಳಿಸ್ತಾ?"

"ಚಪ್ಪಾಳೆ ಕೇಳಿಸ್ತು. ಅದ್ರಲ್ಲಿ ನಿಮ್ಮದು ಎಷ್ಟು ಅಂತ ಗೊತ್ತಾಗ್ಲಿಲ್ಲ."

ಮಾರನೇ ದಿನದ ಶೋಗೆ ಆರೂವರೆಗೇ ಬಂದು ಕೂತಿದ್ದರು.

ಆಮೇಲಿನದು ಒಂದು ಇಂಗ್ಲಿಷ್ ವೆಬ್ ಸೀರೀಸ್. ಇಂಗ್ಲಿಷ್ ಪದ ಒಂದೂ ಇರಕೂಡದು ಎಂದು ಮಾಡಿಸುವವರ ಹಟ. ನಾಯಕಿ ಕ್ಲೋಸ್‌ಅಪ್‌ನಲ್ಲಿ 'ಐ ಲವ್ ಯೂ' ಅನ್ನುತ್ತಾಳೆ. ಸ್ಕ್ರಿಪ್ಟ್‌ನಲ್ಲಿ 'ನಾನು ನಿನ್ನನ್ನು ಪ್ರೀತಿಸುತ್ತೇನೆ' ಎಂದಿತ್ತು. ಹತ್ತು ಅಕ್ಷರ. ಅವಳು ಬಾಯಿ ಮುಚ್ಚಿ ಅಪ್ಪಿಕೊಂಡ ಮೇಲೂ ನಾನು ಇನ್ನೂ 'ಸುತ್ತೇನೆ' ಅನ್ನುತ್ತಿದ್ದೆ. ಅದಿರಲಿ, ಕನ್ನಡದಲ್ಲಿ ಯಾರು ಹಾಗೆ ಹೇಳುತ್ತಾರೆ? ನಮ್ಮಪ್ಪ ಅಮ್ಮನಿಗೆ ಹೇಳಿದ್ದು ಅಬ್ಬಬ್ಬಾ ಎಂದರೆ 'ಊಟ ಆಯ್ತಾ'. 'ನೀನಂದ್ರೆ ಇಷ್ಟ' ನೋಡಿದೆವು, ಕೊನೆಯಲ್ಲಿ ಅವಳ ತುಟಿ 'ಯೂ' ಎಂದು ದುಂಡಗಾಗುತ್ತದೆ, ನಮ್ಮದು 'ಟ' ಎಂದು ಬಿಚ್ಚಿಕೊಳ್ಳುತ್ತದೆ. ಮುಕ್ಕಾಲು ಗಂಟೆ ಒದ್ದಾಡಿದೆವು. ಕೊನೆಗೆ ನನ್ನ ಬಾಯಿಗೆ ತಾನಾಗಿ ಬಂತು:

"ನೀ ಬೇಕು."

ಮೂರೇ ಅಕ್ಷರ. ನಡುವೆ 'ವ್' ಇದ್ದಲ್ಲಿ ಬ, ಕೊನೆಗೆ ದುಂಡಗೆ 'ಕು'. ಟಾಕ್‌ಬ್ಯಾಕ್‌ನಲ್ಲಿ ಸದ್ದಿಲ್ಲ. ಆಮೇಲೆ "ಒನ್ ಮೋರ್." ಹೇಳಿದೆ. "ಒನ್ ಮೋರ್." ಮತ್ತೆ ಹೇಳಿದೆ. ನಾಲ್ಕನೇ ಸಲಕ್ಕೆ ಕೇಳಿದೆ, "ಸಿಂಕ್ ಕೂತಿಲ್ವಾ?"

"ಮೊದಲನೇದೇ ಕೂತಿತ್ತು" ಎಂದ.

ಆವತ್ತಿನಿಂದ 'ಮೇಡಂ' ಹೋಯಿತು. 'ನೀವು' ಹೋಗಲು ಇನ್ನೂ ಎರಡು ತಿಂಗಳು ಹಿಡಿಯಿತು.

ಕಳೆದ ವರ್ಷ ಆ ಮ್ಯಾನೇಜರ್ ಫೋನ್ ಬಂತು. ದುಬೈಯಿಂದ ಕರೆಸಲು ಅಲ್ಲ, ಆ ಸೀರಿಯಲ್ ಮುಗಿದು ಯಾವ ಕಾಲವಾಯಿತು. ಹೊಸ ಸೀರಿಯಲ್, ನಾಯಕನ ಅಮ್ಮ. ನಾಯಕ ನನಗಿಂತ ಆರು ವರ್ಷ ಚಿಕ್ಕವನು. ಮೊದಲಾಗಿದ್ದರೆ ರಾತ್ರಿಯಿಡೀ ಅಳುತ್ತಿದ್ದೆ. ಈ ಸಲ, ಪೇಮೆಂಟ್ ಎಷ್ಟು ದಿನಕ್ಕೆ ಎಂದು ಕೇಳಿದೆ. ತೊಂಬತ್ತು ಎಂದರು. ಮೂವತ್ತು ಎಂದೆ. ನಲವತ್ತೈದಕ್ಕೆ ಬರೆದುಕೊಟ್ಟರು. ವಾರದಲ್ಲಿ ಎರಡು ದಿನ ಡಬ್ಬಿಂಗ್‌ಗೆ ಬಿಡಬೇಕು ಎಂಬುದನ್ನೂ ಬರೆಸಿಕೊಂಡೆ.

ತೊಂದರೆಯಾದದ್ದು ಸೀರೆಗೆ. ಅದು ಬಾಗಲಕೋಟೆ ಕಡೆಯ ಕತೆ, ಅಮ್ಮನಿಗೆ ಇಳಕಲ್ ಸೀರೆಯೇ ಬೇಕು. ನನ್ನ ಹತ್ತಿರ ಇದ್ದ ಎರಡೂ ಬಾಡಿಗೆಗೆ ಹೋಗಿದ್ದವು. ನಮ್ಮ ಗುಳೇದಗುಡ್ಡದವನು ಊರಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದ.

"ಯವ್ವಾ, ನಿನ್ನ ಹಳೇ ಇಳಕಲ್ ಸೀರಿ ನಾಲ್ಕು ಬಸ್ಸಿನಾಗ ಕಳಸ್ತೀಯೇನ?"

"ಯಾರಿಗಿ?"

"ನಮ್ಮ ಸ್ಟುಡಿಯೋದಾಗ ಒಬ್ರಿಗೆ. ಶೂಟಿಂಗಿಗೆ ಬೇಕಾಗ್ಯಾವು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಪಾತ್ರೆ ಇಟ್ಟ ಸದ್ದು ಕೇಳಿಸಿತು.

"ಕಳಸ್ತೀನಿ. ಖಣಾನೂ ಇಡ್ತೀನಿ. ಕುಬಸದ ಅಳತಿ ಏನೈತಿ ಕೇಳು, ಅಲ್ಲೇ ಬಾಜೂಕ ಕುಂತಾಳಲ್ಲ."